ಎರಡನೇ ಮಹಡಿಯ ಒದ್ದೆ ಗೋಡೆ

1
ಈ ಕಥೆಯನ್ನು ಗೋಡೆ ಒದ್ದೆಯಾದಲ್ಲಿಂದ ಶುರು ಮಾಡಲೇ, ಒಡೆದಲ್ಲಿಂದಲೇ? ಒದ್ದೆಯಾಗುತ್ತಲೇ ಮೂರು ವರ್ಷ ಕಳೆಯಿತು. ಅಷ್ಟು ತಾಳ್ಮೆ ನಿಮಗಿಲ್ಲ, ನನಗಂತೂ ಮೊದಲೇ ಇಲ್ಲ. ಒಡೆದೇ ಬಿಡೋಣ.

2
ನಲವತ್ತು ವರ್ಷ ಹಳೆಯ ಅಪಾರ್ಟ್‌ಮೆಂಟ್, ಎರಡನೇ ಮಹಡಿಯ ಬಚ್ಚಲು. ಪ್ಲಂಬರ್ ಉಳಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಾನೆ. ಮನೆಯೊಡತಿ, ನಿವೃತ್ತ ಟೀಚರ್, ಬಾಗಿಲಲ್ಲಿ ನಿಂತಿದ್ದಾರೆ. ನೀರು ಸೋರುವುದು ಮೇಲಿನ ಮನೆಯಿಂದಲೇ ಎಂಬುದು ಅವರ ತೀರ್ಪು. ಮೇಲಿನವರು ಒಂದು ಕಾಲದ ಜೀವದ ಗೆಳತಿ. ಈ ಗೋಡೆಯ ದೆಸೆಯಿಂದ ಮಾತು ಬಿಟ್ಟು ಮೂರು ವರ್ಷವಾಯಿತು.

ಟೈಲ್ಸ್ ಉದುರಿದವು. ಮೇಲಿನಿಂದ ಬರುವ ಪೈಪು ಒಣಗಿ ಬೆಣಚುಕಲ್ಲಿನಂತಿತ್ತು. ತೊಟ್ಟಿಕ್ಕುತ್ತಿದ್ದದ್ದು ಟೀಚರ್ ಮನೆಯದೇ ಪೈಪಿನ ಜಾಯಿಂಟ್.

“ಯಾವ ಪುಣ್ಯಾತ್ಮ ಮಾಡಿದ್ನೋ ಇದನ್ನ!” ಎನ್ನುತ್ತ ಪ್ಲಂಬರ್ ಬಿಚ್ಚಿದ. ಒಳಗೆ, ಸೋರದಂತೆ ಸುತ್ತುವ ಸೆಣಬಿನ ನಾರಿನ ಬದಲು ನೀಲಿ ಹೊಲಿಗೆ ದಾರ. ಏಳು ವರ್ಷದ ಹಿಂದೆ, ಟೀಚರ್ ಈ ಮನೆಗೆ ಬರುವ ಮೊದಲು, ಸೆಣಬು ಮುಗಿದ ಒಂದು ಮಧ್ಯಾಹ್ನ, ಅಂಗಡಿಯ ತನಕ ಹೋಗಲು ಮೈಗಳ್ಳತನ ಮಾಡಿ, ಹೆಂಡತಿಗೆಂದು ಕೊಂಡಿದ್ದ ದಾರವನ್ನೇ ಸುತ್ತಿದ್ದ ಪುಣ್ಯಾತ್ಮ ಅವನೇ.

3 (ಹೊಡೆದು ಹಾಕಿದ್ದು)
ಪ್ಲಂಬರ್ ದಾರವನ್ನು ಜೇಬಿಗಿಳಿಸಿ, “ಪೈಪು ಹಳೇದು ಮೇಡಂ,” ಎಂದ.

(ಚೆನ್ನಾಗಿತ್ತಲ್ಲವೇ? ಪೂರ್ತಿ ಸುಳ್ಳೂ ಅಲ್ಲ. ಆದರೆ ಪ್ಲಂಬರ್ ಆಸಾಮಿ ಒಪ್ಪಬೇಕಲ್ಲ.)

“ಹಾಗೆ ಬರೀಬೇಡಿ ಸಾರ್. ಪೈಪಿಗೆ ಇನ್ನೂ ಹತ್ತು ವರ್ಷ ಆಯಸ್ಸಿದೆ. ತಪ್ಪು ನಂದು.”

“ಹೇಳಿದ್ರೆ ಈ ಬಿಲ್ಡಿಂಗಿನ ಕೆಲಸವೆಲ್ಲ ಕೈತಪ್ಪಿ ಹೋಗುತ್ತಲ್ಲಪ್ಪಾ,” ಎಂದೆ ನಾನು.

“ಹೋಗುತ್ತೋ ಇಲ್ವೋ ಅದು ಆಮೇಲಿನ ಮಾತು. ಹೇಳ್ದೆ ಅಂತ ಮಾತ್ರ ಬರೀರಿ.”

3 (ಮತ್ತೊಮ್ಮೆ)
ಹೇಳಿದ. ಒದ್ದೆ ದಾರವನ್ನು ಅಂಗೈಯಲ್ಲಿಟ್ಟು ತೋರಿಸಿದ. “ಮೇಲಿನವರದ್ದೇನೂ ತಪ್ಪಿಲ್ಲ ಮೇಡಂ. ಇದು ನನ್ನ ಕೈಯಿಂದಾದದ್ದು.”

ಬೈಗುಳಕ್ಕೆ ಅವನೂ ಕಾದ, ನಾನೂ ಕಾದೆ. ಟೀಚರ್ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟರು.

“ಅವಳ ಅಮ್ಮ ತೀರಿಕೊಂಡಾಗಲೂ ನಾನು ಮೇಲೆ ಹತ್ತಲಿಲ್ಲ ಕಣಪ್ಪಾ.”

ಎದ್ದರು. ಅವನ ಅಂಗೈಯಿಂದ ದಾರ ತೆಗೆದುಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲು ಹತ್ತಿದರು.

4
ಮುಕ್ತಾಯ ಒಂದು: ಬಾಗಿಲು ತೆರೆಯುತ್ತದೆ, ಇಬ್ಬರೂ ಅಳುತ್ತಾರೆ. ಮುಕ್ತಾಯ ಎರಡು: ಬಾಗಿಲು ತೆರೆಯುವುದೇ ಇಲ್ಲ. ಎರಡನ್ನೂ ಬರೆದಿಟ್ಟುಕೊಂಡು ಪ್ಲಂಬರನನ್ನೇ ಕೇಳಿದೆ, ಯಾವುದು ಸರಿ ಎಂದು.

“ನಂಗೇನ್ ಗೊತ್ತು ಸಾರ್? ನಾನು ಕೆಳಗೆ ಜಾಯಿಂಟ್ ಬಿಗಿ ಮಾಡ್ತಿದ್ದೆ. ಮೇಲಿನ ಮನೆ ಬೆಲ್ ಆಗಿದ್ದು ಕೇಳಿಸ್ತು.”

“ಆಮೇಲೆ?”

“ಇನ್ನೊಂದ್ಸಲ ಬೆಲ್ ಆಯ್ತು.”