ಒಂದೇ ಹನಿ

ಮಗುವಿಗೆ ಆರು ತಿಂಗಳು ತುಂಬಿದ ವಾರವೇ ಸೊಸೆಯ ರಜೆಯೂ ಮುಗಿಯಿತು. ಅವಳು ಕೆಲಸ ಮಾಡುತ್ತಿದ್ದುದು ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿ ಕಳಿಸುವ ದೊಡ್ಡ ಲಾಂಡ್ರಿಯಲ್ಲಿ. ಇಸ್ತ್ರಿ ಯಂತ್ರದ ಬಿಸಿ ಉರುಳೆಯ ಬಾಯಿಂದ ಒಂದರ ಹಿಂದೊಂದು ಚಾದರ ಹೊರಬರುತ್ತದೆ. ಇಬ್ಬರು ಎದುರುಬದುರು ನಿಂತು ಹಿಡಿಯಬೇಕು, ಜಗ್ಗಬೇಕು, ಮಡಿಸಿ ಪೇರಿಸಬೇಕು. ಒಬ್ಬಳು ತಡವಾಗಿ ಬಂದರೆ ಎದುರಿನವಳು ಕೈಕಟ್ಟಿ ನಿಂತುಬಿಡಬೇಕು. ಹಾಗಾಗಿ ಅಲ್ಲಿ ತಡವಾಗುವುದೆಂದರೆ ಮೇಲ್ವಿಚಾರಕನ ಬೈಗುಳಕ್ಕಿಂತ ಜೊತೆಗಾತಿಯ ಮುಖ ನೋಡುವುದೇ ಕಷ್ಟ.

ಮನೆಯಲ್ಲಿ ಮಗುವಿನ ಜವಾಬ್ದಾರಿ ಅತ್ತೆಯದು. ಅಂಗಿ ಗುಂಡಿ ಮಾಡುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಒಡಕು ಗುಂಡಿ ಆರಿಸಿ ಆರಿಸಿ ಕಣ್ಣು ಮಂಜು ಮಾಡಿಕೊಂಡವರು. ಬಾಯಿ ಮಾತ್ರ ಇನ್ನೂ ಹರಿತ. "ಇವನು ಹುಟ್ಟಿದ್ದಲ್ಲ ಕಣೆ, ಸಿಪ್ಪೆ ಒಡೆದು ಹೊರಗೆ ಬಿದ್ದಿದ್ದು" ಎಂದು ನಕ್ಕು ಮೊಮ್ಮಗನಿಗೆ ಬಟಾಣಿ ಎಂದು ಹೆಸರಿಟ್ಟವರೂ ಅವರೇ. ಅವರ ಮೊದಲ ಹೆಣ್ಣುಮಗು ವರ್ಷ ತುಂಬುವ ಮೊದಲೇ ಸೊರಗಿ ತೀರಿಕೊಂಡಿತ್ತು. ಆ ವಿಷಯ ಅವರು ಎತ್ತುತ್ತಿರಲಿಲ್ಲ. ಆದರೆ ಬಟಾಣಿಯ ವಿಟಮಿನ್ ಡಿ ಹನಿ ಮಾತ್ರ ಗಡಿಯಾರ ನೋಡಿ ಹಾಕುತ್ತಿದ್ದರು. ಎದೆಹಾಲಲ್ಲಿ ಎಲ್ಲ ಇದ್ದರೂ ಆ ಒಂದು ವಿಟಮಿನ್ ಸಾಲದು, ಮೂಳೆ ಗಟ್ಟಿಯಾಗಲು ದಿನಾ ಹನಿ ಹಾಕಬೇಕು ಎಂದು ಮಗು ಹುಟ್ಟಿದಾಗಲೇ ಕ್ಲಿನಿಕ್ಕಿನಲ್ಲಿ ಹೇಳಿದ್ದರು. ದೊಡ್ಡ ಬಾಟಲಿ, ಜೊತೆಗೆ ರಬ್ಬರ್ ತುದಿಯ ಗಾಜಿನ ಪಿಚಕಾರಿ. ಅದರಲ್ಲಿ ಗೆರೆಯವರೆಗೆ ಔಷಧಿ ಎಳೆದು, ಮಗುವಿನ ಕೆನ್ನೆಯ ಒಳಗೆ ಬಿಡುವುದು. ಅತ್ತೆ ಅದನ್ನು ಆರು ತಿಂಗಳಿಂದ ತಪ್ಪದೆ ಮಾಡಿಕೊಂಡು ಬಂದಿದ್ದರು.

ಕೆಲಸಕ್ಕೆ ಮರಳುವ ದಿನ ಬೆಳಿಗ್ಗೆ ಸೊಸೆ ಮಗುವನ್ನು ಆರು ತಿಂಗಳ ತಪಾಸಣೆಗೆ ಕ್ಲಿನಿಕ್ಕಿಗೆ ಕರೆದೊಯ್ದಳು. ಸಾಲು ಉದ್ದವಿತ್ತು. ನರ್ಸಮ್ಮ ತೂಕ ನೋಡಿ, ಇನ್ನು ಬೇಯಿಸಿ ಮೆದುಮಾಡಿದ ಆಹಾರ ಶುರುಮಾಡಿ ಎಂದರು. ಆಮೇಲೆ ಒಂದು ಪುಟ್ಟ ಬಾಟಲಿ ಕೈಗಿಟ್ಟರು.

"ಊಟ ಶುರುವಾಯ್ತು ಅಂತ ಹನಿ ನಿಲ್ಲಿಸ್ಬೇಡಿ. ಹಳೇದು ಈಗ ಬರ್ತಿಲ್ಲ, ಇದು ಬೇರೆ. ತುಂಬಾ ಗಟ್ಟಿ ಔಷಧಿ. ದಿನಕ್ಕೆ ಒಂದೇ ಒಂದು ಹನಿ. ಬಾಟಲಿ ಬಗ್ಗಿಸಿದ್ರೆ ತಾನೇ ಬೀಳುತ್ತೆ. ಗೊತ್ತಾಯ್ತಾ?"

"ಗೊತ್ತಾಯ್ತು" ಎಂದಳು ಸೊಸೆ. ಕಣ್ಣು ಗೋಡೆ ಗಡಿಯಾರದ ಮೇಲಿತ್ತು.

ಮನೆಗೆ ಓಡಿಬಂದು, ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ, ಬಾಟಲಿಯನ್ನು ಹಳೆಯದರ ಪಕ್ಕ ಇಟ್ಟಳು. "ಅತ್ತೆ, ಹೊಸ ಹನಿ ತಂದಿದ್ದೀನಿ. ದಿನಾ ಹಾಕೋದು ಮರೀಬೇಡಿ" ಎಂದು ಬಾಗಿಲಲ್ಲೇ ಹೇಳಿ ಬಸ್ಸಿಗೆ ಓಡಿದಳು. ಉಳಿದದ್ದನ್ನು ಸಂಜೆ ಹೇಳಿದರಾಯಿತು ಎಂದುಕೊಂಡಿದ್ದಳು. ಸಂಜೆ ಬರುವಷ್ಟರಲ್ಲಿ ಎದೆ ಕಲ್ಲಾಗಿತ್ತು, ಅಂಗಿ ಒದ್ದೆಯಾಗಿತ್ತು, ಮಗು ಹಸಿದು ಕಿರುಚುತ್ತಿತ್ತು. ಹೇಳಬೇಕಾದದ್ದು ಅವತ್ತೂ ನೆನಪಾಗಲಿಲ್ಲ, ಮರುದಿನವೂ ಆಗಲಿಲ್ಲ.

ಹೊಸ ಬಾಟಲಿಯ ಬಾಯಿಗೆ ಸಣ್ಣ ತೂತಿನ ಪ್ಲಾಸ್ಟಿಕ್ ಬಿರಡೆ ಒತ್ತಿ ಕೂರಿಸಿದ್ದರು. ಹನಿ ಒಂದೊಂದೇ ಬೀಳಲೆಂದು ಮಾಡಿದ್ದು ಅದು. ಪಿಚಕಾರಿ ಒಳಗೆ ಹೋಗಲು ಅಡ್ಡಬರುತ್ತದೆ ಎಂದು ಅತ್ತೆ ಚಮಚದ ತುದಿಯಿಂದ ಅದನ್ನು ಮೀಟಿ ತೆಗೆದರು. ಹಳೆಯ ಪಿಚಕಾರಿಯನ್ನು ಬಿಸಿನೀರಲ್ಲಿ ತೊಳೆದರು. ಗೆರೆಯವರೆಗೆ ಎಳೆದರು.

ಬಾಟಲಿ ಹತ್ತೇ ದಿನಕ್ಕೆ ಮುಗಿಯಿತು. ಮಗುವನ್ನು ಗಾಡಿಯಲ್ಲಿ ಕೂರಿಸಿಕೊಂಡು ಅತ್ತೆ ಬೀದಿ ತುದಿಯ ಔಷಧಿ ಅಂಗಡಿಗೆ ಹೋಗಿ ಇನ್ನೊಂದು ತಂದರು. ಮೂರನೇ ಸಲ ಹೋದಾಗ ಅಂಗಡಿಯವನು, "ಏನಜ್ಜಿ, ಮೊಮ್ಮಗನಿಗೋ ನಿಮಗೋ?" ಎಂದು ತಮಾಷೆ ಮಾಡಿದನಂತೆ. ಅದನ್ನು ಅತ್ತೆ ರಾತ್ರಿ ಊಟಕ್ಕೆ ಕೂತಾಗ ಹೇಳಿದರು. ಮಗ ನಕ್ಕ. ಸೊಸೆಯೂ ನಕ್ಕಳು. ಬಾಟಲಿ ಇಷ್ಟು ಬೇಗ ಹೇಗೆ ಮುಗಿಯುತ್ತದೆ ಎಂಬ ಪ್ರಶ್ನೆ ಅವಳ ಮನಸ್ಸಿಗೆ ಬಂದಿತ್ತು, ಇಲ್ಲವೆನ್ನುವಂತಿಲ್ಲ. ಮಗು ಅಳು ತೆಗೆದದ್ದೇ ಅದು ಹಾಗೇ ಜಾರಿಹೋಯಿತು.

ಒಂದು ತಿಂಗಳು ಕಳೆಯುವಷ್ಟರಲ್ಲಿ ಬಟಾಣಿ ಬೇಯಿಸಿದ ಕ್ಯಾರೆಟ್ಟನ್ನು ಉಗುಳತೊಡಗಿದ. ಆಲೂಗಡ್ಡೆ ಕಂಡರೆ ಮುಖ ತಿರುಗಿಸಿದ. ಕುಡಿದ ಹಾಲನ್ನು ಕಕ್ಕಿದ. ನಾಲ್ಕು ದಿನವಾದರೂ ಮಲವಿಲ್ಲ, ಮೂತ್ರ ಮಾತ್ರ ಮತ್ತೆ ಮತ್ತೆ. "ಹಲ್ಲು ಬರ್ತಿರಬೇಕು" ಎಂದಳು ಪಕ್ಕದ ಮನೆಯವಳು. "ಹೊಸ ಊಟ ಒಗ್ಗಬೇಕಲ್ಲ" ಎಂದ ಗಂಡ. ಮಗು ಉಣ್ಣುತ್ತಿಲ್ಲವಲ್ಲ, ಹನಿಯಾದರೂ ಒಳಗೆ ಹೋಗಲಿ ಎಂದು ಅತ್ತೆ ಗೆರೆಯಿಂದ ಒಂಚೂರು ಮೇಲಕ್ಕೇ ಎಳೆದರು. ಒಂದು ಮಧ್ಯಾಹ್ನ ಹೆಸರು ಹಿಡಿದು ಕರೆದರೂ ಮಗು ಕಣ್ಣು ಬಿಡಲಿಲ್ಲ. ಲಾಂಡ್ರಿಗೆ ಫೋನ್ ಹೋಯಿತು. ಸೊಸೆ ಕೈಯಲ್ಲಿದ್ದ ಚಾದರವನ್ನು ಹಾಗೇ ಬಿಟ್ಟು ಓಡಿದಳು.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಲು ನರ ಸಿಗದೆ ಹಣೆಯ ಪಕ್ಕದ ಕೂದಲು ಬೋಳಿಸಿದರು. ರಕ್ತದ ವರದಿ ಬಂದಮೇಲೆ ಡಾಕ್ಟರಮ್ಮ ಮೂವರನ್ನೂ ಕೂರಿಸಿ, ಮಗುವಿಗೆ ಏನೇನು ಔಷಧಿ ಕೊಡ್ತಿದ್ದೀರಿ ಎಂದು ಕೇಳಿದರು. ಅತ್ತೆ ಚೀಲದಿಂದ ಬಾಟಲಿಯನ್ನೂ ಪಿಚಕಾರಿಯನ್ನೂ ತೆಗೆದು ಮೇಜಿನ ಮೇಲಿಟ್ಟರು.

"ಇದೊಂದೇ ಡಾಕ್ಟ್ರೇ. ಒಂದು ದಿನಾನೂ ತಪ್ಪಿಸಿಲ್ಲ."

"ಎಷ್ಟು ಹಾಕ್ತೀರಿ?"

"ಈ ಗೆರೆವರೆಗೆ."

ಡಾಕ್ಟರಮ್ಮ ಪಿಚಕಾರಿಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: "ಒಂದು ತಿಂಗಳ ಹನಿ ದಿನಾ ಒಂದೇ ಸಲಕ್ಕೆ ಹೋಗಿದೆ ಅಜ್ಜಿ. ರಕ್ತದಲ್ಲಿ ಸುಣ್ಣದಂಶ ವಿಪರೀತ ಏರಿದೆ. ಮೂತ್ರಪಿಂಡದಲ್ಲಿ ಕೂತುಬಿಟ್ಟಿದೆ." ಸೊಸೆಯ ಕಡೆ ತಿರುಗಿದರು. "ಕ್ಲಿನಿಕ್ಕಲ್ಲಿ ನಿಮಗೆ ಯಾರೂ ಹೇಳಲಿಲ್ವಾ?"

ಸೊಸೆಗೆ ನರ್ಸಮ್ಮನ ದನಿ ಕಿವಿಯ ಪಕ್ಕದಲ್ಲೇ ಕೇಳಿದಂತಾಯಿತು. ಗಂಡ ಅವಳನ್ನೇ ನೋಡುತ್ತಿದ್ದ.

"ಇಲ್ಲ" ಎಂದಳು.

ಅಷ್ಟೇ. ಒಂದು ಶಬ್ದ. ಹೊರಗೆ ಬಂದಮೇಲೆ ಗಂಡ ತಾಯಿಯ ಕಡೆ ತಿರುಗಿ, "ಓದೋಕೆ ಕಣ್ಣು ಕಾಣದಿದ್ರೆ ಯಾರನ್ನಾದ್ರೂ ಕೇಳ್ಬೇಕಿತ್ತಲ್ಲಮ್ಮಾ! ಕೊಂದೇಬಿಟ್ಯಲ್ಲ ನೀನು!" ಎಂದು ಆಸ್ಪತ್ರೆಯ ಮೊಗಸಾಲೆಯಲ್ಲಿ ಎಲ್ಲರಿಗೂ ಕೇಳುವಂತೆ ಕೂಗಿದ. ಯಾರಿಗೂ ಸೋಲದ ಅತ್ತೆಯ ಬಾಯಿ ಅವತ್ತು ತೆರೆಯಲೇ ಇಲ್ಲ.

ಮೂರು ವಾರ ಮಗು ಆಸ್ಪತ್ರೆಯಲ್ಲಿತ್ತು. ಸುಣ್ಣದಂಶ ಇಳಿಯುವವರೆಗೆ ಎದೆಹಾಲೂ ಬೇಡ, ವಿಶೇಷ ಪುಡಿಯ ಹಾಲೇ ಕೊಡಿ ಎಂದರು. ಸೊಸೆ ದಿನಕ್ಕೆ ಐದು ಸಲ ಶೌಚಾಲಯದ ಪಕ್ಕದ ಕೋಣೆಯಲ್ಲಿ ಎದೆ ಹಿಂಡಿ ಹಾಲನ್ನು ತೊಟ್ಟಿಗೆ ಚೆಲ್ಲಿ ನಲ್ಲಿ ಬಿಡುತ್ತಿದ್ದಳು. ಕೊನೆಗೆ ಮಗುವಿಗೆ ಎಚ್ಚರ ಮರಳಿತು, ಆದರೆ ಮೂತ್ರಪಿಂಡ ಮರಳಲಿಲ್ಲ. ಸ್ಕ್ಯಾನಿನಲ್ಲಿ ಎರಡೂ ಕಡೆ ಬಿಳಿ ಚುಕ್ಕೆ ಕಂಡವು. ಇದು ಕರಗಲಿಕ್ಕಿಲ್ಲ, ಬೆಳವಣಿಗೆ ಕುಂಠಿತವಾಗುತ್ತದೆ, ಮುಂದೆ ರಕ್ತ ಶುದ್ಧಿಮಾಡುವ ಯಂತ್ರದ ಆಸರೆಯೂ ಬೇಕಾಗಬಹುದು ಎಂದು ಡಾಕ್ಟರಮ್ಮ ಸುತ್ತಿ ಬಳಸದೆ ಹೇಳಿದರು.

ಮನೆಗೆ ಬಂದಮೇಲೆ ಅತ್ತೆ ಮಗುವನ್ನು ಮುಟ್ಟಲಿಲ್ಲ. ಬಟಾಣಿ ಅವರನ್ನು ಕಂಡು ಎರಡೂ ಕೈ ಚಾಚಿದರೆ ಅವರು ತಮ್ಮ ಕೈಗಳನ್ನು ಶಾಲಿನೊಳಗೆ ಸೇರಿಸಿಕೊಂಡು ಗೋಡೆ ನೋಡುತ್ತಿದ್ದರು. ಮಗು ತುಟಿ ಸೊಟ್ಟ ಮಾಡಿ ಅಳುತ್ತಿತ್ತು. ಹದಿನೈದು ದಿನ ಇದನ್ನು ನೋಡಿದ ಸೊಸೆಗೆ ತಡೆಯಲಾಗಲಿಲ್ಲ. ಬೇರೆ ಊರಿನಲ್ಲಿದ್ದ ಕಿರಿಮಗಳ ಮನೆಗೆ ಹೋಗುತ್ತೇನೆಂದು ಅತ್ತೆ ಬಟ್ಟೆ ಮಡಿಸುತ್ತಿದ್ದಾಗ ಮುಂದೆ ಹೋಗಿ ಕೂತಳು.

"ಅತ್ತೆ, ತಪ್ಪು ನಿಮ್ಮದಲ್ಲ. ಒಂದೇ ಹನಿ ಅಂತ ನರ್ಸಮ್ಮ ನನಗೆ ಹೇಳಿದ್ರು. ನಾನು ನಿಮಗೆ ಹೇಳಲೇ ಇಲ್ಲ. ಡಾಕ್ಟ್ರ ಮುಂದೆ ಸುಳ್ಳು ಹೇಳಿದೆ."

ಅತ್ತೆ ಮಡಿಸುತ್ತಿದ್ದ ಬಟ್ಟೆಯನ್ನು ಬದಿಗಿಟ್ಟು ಅವಳ ಕೆನ್ನೆ ಸವರಿದರು.

"ನೀನು ಒಳ್ಳೆಯವಳು ಕಣೆ. ಮುದುಕಿ ಹೋಗ್ತಿದ್ದಾಳಲ್ಲ, ಹಗುರ ಮಾಡಿ ಕಳಿಸೋಣ ಅಂತಿದ್ದೀಯ."

"ಇಲ್ಲ ಅತ್ತೆ, ನಿಜವಾಗ್ಲೂ—"

"ಸಾಕು ಬಿಡು ಮಗಳೇ. ಪಿಚಕಾರಿ ಹಿಡಿದ ಕೈ ಯಾವುದು ಅಂತ ನನಗೆ ಗೊತ್ತಿಲ್ವಾ?"

ಅಂದು ಸಂಜೆ ಗಂಡನಿಗೂ ಹೇಳಿದಳು. ಅವನು ಲಿಫ್ಟ್ ರಿಪೇರಿ ಕೆಲಸದಿಂದ ಬಂದು ಗ್ರೀಸ್ ಹತ್ತಿದ ಬೆರಳು ತಿಕ್ಕುತ್ತಿದ್ದ. ತಲೆ ಎತ್ತಲೂ ಇಲ್ಲ. "ಅಮ್ಮನ್ನ ಉಳಿಸ್ಕೊಳ್ಳೋಕೆ ನಿನ್ನ ತಲೆ ಮೇಲೆ ಎಳ್ಕೋಬೇಡ. ನೀನು ಆವತ್ತೇ ಇಲ್ಲ ಅಂದ್ಯಲ್ಲ. ನಾನೇ ಕೇಳಿಸ್ಕೊಂಡಿದ್ದೀನಿ."

ಮರುದಿನ ಸೊಸೆ ಕ್ಲಿನಿಕ್ಕಿಗೆ ಹೋದಳು. ನೀವು ಹೇಳಿದ್ದು ನಿಜವೆಂದು ನನ್ನ ಮನೆಯವರಿಗೆ ಒಂದು ಮಾತು ಹೇಳಿ ಎಂದು ಬೇಡಿದಳು. ಈ ವಿಷಯದ ವಿಚಾರಣೆ ಆಗಲೇ ಶುರುವಾಗಿತ್ತು. ನರ್ಸಮ್ಮನ ಮುಖ ಬಿಳಿಚಿಕೊಂಡಿತು. "ದಿನಕ್ಕೆ ನಲವತ್ತು ಮಕ್ಕಳು ಬರ್ತಾರಮ್ಮ. ಯಾರಿಗೆ ಏನು ಹೇಳ್ದೆ ಅಂತ ಹೇಗೆ ನೆನಪಿರುತ್ತೆ? ನೀವು ಆವತ್ತು ಬರೆಸಿದ್ದೇ ಬೇರೆ, ಈಗ ಹೇಳ್ತಿರೋದೇ ಬೇರೆ. ದಯವಿಟ್ಟು ಹೋಗಿ." ಸೊಸೆ ಆಡಿದ ಆ ಒಂದು "ಇಲ್ಲ" ಆಸ್ಪತ್ರೆಯ ಕಡತದಲ್ಲಿ ದಾಖಲಾಗಿ, ನರ್ಸಮ್ಮನ ಕುತ್ತಿಗೆಗೂ ಬಂದಿತ್ತು. ಸೊಸೆ ಅಲ್ಲಿಂದ ಸೀದಾ ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನಿಗೆ ನಿಜ ಹೇಳಿದಳು. ಅವರು ಕೇಳಿಸಿಕೊಂಡು, ಬರೆದುಕೊಂಡು, "ಆಯ್ತು. ಆದರೆ ಮಗುವಿನ ಸ್ಥಿತಿ ಇದರಿಂದ ಬದಲಾಗಲ್ಲ" ಎಂದರು. ಎರಡು ತಿಂಗಳ ನಂತರ ಕ್ಲಿನಿಕ್ಕಿನಲ್ಲಿ ಬೇರೆ ನರ್ಸ್ ಇದ್ದಳು. ಹಳೆಯವರು ಎಲ್ಲಿ ಹೋದರೆಂದು ಕೇಳುವ ಧೈರ್ಯ ಸೊಸೆಗೆ ಬರಲಿಲ್ಲ.

ಬಟಾಣಿಗೆ ಈಗ ಹದಿನಾಲ್ಕು ತಿಂಗಳು. ತೂಕ ಏಳು ತಿಂಗಳ ಮಗುವಿನದು. ನಿಲ್ಲುತ್ತಾನೆ, ನಿಂತಲ್ಲೇ ಕುಸಿಯುತ್ತಾನೆ. ಸೊಸೆ ಲಾಂಡ್ರಿ ಬಿಟ್ಟಿದ್ದಾಳೆ. ಗಂಡ ಎರಡು ಪಾಳಿ ದುಡಿದು ಬಂದು, ಮಗುವಿನ ಮುಖ ನೋಡದೆ ಮಲಗುತ್ತಾನೆ.

ಭಾನುವಾರ ಅತ್ತೆಯ ಫೋನ್ ಬರುತ್ತದೆ. "ಮೂತ್ರ ಸರಿಯಾಗಿ ಹೋಗ್ತಿದೆಯಾ?" ಎಂದಷ್ಟೇ ಕೇಳುತ್ತಾರೆ. ಹೋಗ್ತಿದೆ ಎನ್ನುತ್ತಾಳೆ ಸೊಸೆ. ಆಮೇಲೆ, "ಅತ್ತೆ, ಆವತ್ತು ನಾನು..." ಎಂದು ಶುರುಮಾಡುತ್ತಾಳೆ. "ಗೊತ್ತು ಕಣೆ, ಗೊತ್ತು" ಎಂದು ಆ ಕಡೆಯಿಂದ ಸಮಾಧಾನದ ದನಿ ಬರುತ್ತದೆ, ಫೋನ್ ಇಟ್ಟ ಸದ್ದೂ ಕೇಳುತ್ತದೆ.