ಬಿಸಿಲಿಗೆ ಬೆನ್ನು

ಮುಂದಿರುವ ಉಪಗ್ರಹವನ್ನು ಹಿಡಿಯಬೇಕಾದರೆ ಬ್ರೇಕ್ ಹಾಕಬೇಕು. ಬ್ರೇಕ್ ಹಾಕಿದರೆ ಕೆಳಗಿಳಿಯುತ್ತೇವೆ; ಕೆಳಗಿನ ದಾರಿಯಲ್ಲಿ ಸುತ್ತು ಚಿಕ್ಕದು, ವೇಗ ಹೆಚ್ಚು. ಬೆಳಿಗ್ಗೆ ಅಮ್ಮನಿಗೆ ಇದನ್ನು ವಿವರಿಸಿದರೆ ಅವಳು ಡಬ್ಬಿಯ ಮುಚ್ಚಳ ಒತ್ತುತ್ತಾ, “ಹಾಗಾದ್ರೆ ಯಾವಾಗ್ಲೂ ಬ್ರೇಕ್ ಹಾಕ್ಕೊಂಡೇ ಇರೋ ನಿನ್ನಷ್ಟು ಮುಂದೆ ಹೋಗೋರು ಯಾರೂ ಇಲ್ಲ ಬಿಡು” ಅಂದಳು. ನಗಬೇಕೋ ಅಳಬೇಕೋ ತಿಳಿಯದೆ ಆಫೀಸಿಗೆ ಬಂದೆ.

ಇಂಧನ ತೀರುತ್ತಿರುವ ಉಪಗ್ರಹಗಳ ಹತ್ತಿರ ಹೋಗಿ ಇಂಧನ ತುಂಬುವ ನೌಕೆ ನಮ್ಮದು. ಅದು ಯಾವ ದಾರಿಯಲ್ಲಿ ಹೋಗಬೇಕೆಂಬ ಯೋಜನೆ ಬರೆಯುವುದು ನಮ್ಮ ಕೋಣೆಯ ಕೆಲಸ. ಈ ಸಲದ್ದು ಹವಾಮಾನದ ಉಪಗ್ರಹ. ಅದರೊಳಗೆ ಉಳಿದಿರುವುದು ತಳದ ಹನಿ. ನೌಕೆಯಲ್ಲಿರುವುದೂ ಒಂದೇ ಸಲ ಹತ್ತಿರ ಹೋಗಲು ಸಾಲುವಷ್ಟು. ಗುರಿ ತಪ್ಪಿದರೆ ಉಪಗ್ರಹ ಕೈಬಿಟ್ಟಂತೆಯೇ. ಸಂಜೆಯೊಳಗೆ ಯೋಜನೆ ಕಳಿಸಬೇಕಿತ್ತು.

ಕಳಿಸುವ ಮುನ್ನ ಅದನ್ನು ಕಾರಿಡಾರಿನಲ್ಲಿ ನಡೆದು ನೋಡುವುದು ನಮ್ಮಲ್ಲಿ ರೂಢಿ. ಒಬ್ಬರು ಉಪಗ್ರಹ, ಒಬ್ಬರು ನೌಕೆ.

“ನೀನು ಉಪಗ್ರಹ ಆಗಮ್ಮ. ಹೇಗೂ ಬಾಯಿ ಬಿಡಲ್ಲ,” ಅಂದರು ಇಂಧನದ ಲೆಕ್ಕ ನೋಡುವ ಹಿರಿಯರು. ಎಲ್ಲರ ಬಾಯಲ್ಲೂ ಅವರು ಲೀಟರಕ್ಕ.

ನನ್ನ ಐಡಿ ಕಾರ್ಡನ್ನು ಬೆನ್ನಿಗೆ ತಿರುಗಿಸಿ ಇಳಿಬಿಟ್ಟರು. ಅದೇ ಇಂಧನದ ಬಾಯಿ. ಕಾರಿಡಾರಿನ ಕೊನೆಯ ಕಿಟಕಿ ನಾವು ಸಾಗುವ ದಿಕ್ಕು. ಕಿಟಕಿಗೆ ಮುಖ ಮಾಡಿ ನಿಂತೆ. ಹಿಂದಿನಿಂದ ನಮ್ಮ ಮುಖ್ಯಸ್ಥರು ಮಡಿಸಿದ ಕೊಡೆಯನ್ನು ಇಂಧನದ ನಳಿಕೆಯಂತೆ ಚಾಚಿಕೊಂಡು ನೌಕೆಯಾಗಿ ಬರತೊಡಗಿದರು. ಯಾರ ಮುಖವನ್ನೂ ನೋಡಬೇಕಿಲ್ಲವಲ್ಲ ಎಂದು ನನಗೆ ಸಮಾಧಾನವಾಗಿತ್ತು.

ಅಷ್ಟರಲ್ಲಿ ಮೋಡ ಸರಿದು ಬಿಸಿಲು ಕಣ್ಣಿಗೆ ಹೊಡೆಯಿತು. ಗೊತ್ತಿಲ್ಲದೆಯೇ ತಿರುಗಿ ನಿಂತೆ. ಕೊಡೆಯ ತುದಿ ಮೂಗಿನ ಮುಂದಿತ್ತು.

“ಉಪಗ್ರಹ ಯಾಕಮ್ಮ ತಿರುಗ್ತು?”

“ಬಿಸಿಲು ಸರ್.”

ಹೇಳಿದ ಮೇಲೆ ಹೊಳೆಯಿತು. ಈ ಉಪಗ್ರಹವೂ ತಿರುಗುತ್ತದೆ. ಬಿಸಿಲು ಒಂದೇ ಮಗ್ಗುಲಿಗೆ ಬೀಳಬಾರದೆಂದು ವರ್ಷದ ಒಂದಷ್ಟು ಕಾಲ ಹಿಂದುಮುಂದಾಗಿ ಸಾಗುತ್ತದೆಂದು ಎಲ್ಲೋ ಓದಿದ್ದೆ. ನಾವು ಹೋಗಿ ಮುಟ್ಟುವ ದಿನ ಅದು ಹೇಗಿರುತ್ತದೆ? ನಮ್ಮ ಪರದೆಯ ಮೇಲೆ ಅದು ಯಾವಾಗಲೂ ನಡುವೆ, ಅಲ್ಲಾಡದೆ ಕೂತಿರುತ್ತದೆ. ಅದನ್ನು ಹಾಗೆ ಕೂರಿಸಿದವರು ನಾವೇ. ಇಲ್ಲ, ನಾನು ಓದಿದ್ದು ಬೇರೆ ಉಪಗ್ರಹದ ಬಗ್ಗೆ ಇರಬಹುದೇ? ತಪ್ಪು ಹೇಳಿದರೆ ಎಲ್ಲರ ದಿನ ಹಾಳು. ಸುಮ್ಮನಿದ್ದು ನಿಜವಾಗಿಬಿಟ್ಟರೆ ನೌಕೆ ಹೋಗಿ ಉಪಗ್ರಹದ ಕ್ಯಾಮೆರಾದ ಮುಂದೆ ನಳಿಕೆ ಹಿಡಿದು ನಿಂತಿರುತ್ತದೆ.

“ಸರ್, ಅದೂ ಹೀಗೇ ತಿರುಗಿರತ್ತೇನೋ. ನನಗೆ ಸರಿಯಾಗಿ ಗೊತ್ತಿಲ್ಲ.”

“ಗೊತ್ತಿಲ್ಲದೇ ಇರೋದನ್ನ ಎಷ್ಟು ಚೆನ್ನಾಗಿ ಹೇಳ್ತಾಳೆ ನೋಡಿ,” ಅಂದರು ಲೀಟರಕ್ಕ. ಆದರೆ ಅವರ ನಗು ಅರ್ಧಕ್ಕೇ ನಿಂತಿತು.

ಮುಖ್ಯಸ್ಥರು ಅಲ್ಲಿಂದಲೇ ಉಪಗ್ರಹದವರಿಗೆ ಫೋನ್ ಮಾಡಿದರು. ಆ ಕಡೆಯ ಧ್ವನಿ ಸ್ಪೀಕರಿನಲ್ಲಿ ನಿಧಾನವಾಗಿ ಬಂತು. “ಹೌದು, ಆ ವಾರ ತಿರುಗಿಸಿರ್ತೀವಿ. ನಿಮಗೆ ಗೊತ್ತೇ ಇರತ್ತೆ ಅಂದ್ಕೊಂಡಿದ್ವಿ.”

ಮುಖ್ಯಸ್ಥರು ನನ್ನನ್ನು ನೋಡಿದರು, ಕಿಟಕಿಯನ್ನು ನೋಡಿದರು, ಕೊಡೆಯನ್ನು ನೋಡಿದರು. “ಅಂದ್ರೆ ಇವಳ ಬೆನ್ನು ಈಗ ಮುಂದಿನ ಕಡೆ. ನಾವು ಹಿಂದಿನಿಂದ ಬರೋ ಬದಲು ಕೆಳಗಿಂದ ದಾಟಿ ಮುಂದಕ್ಕೆ ಹೋಗಿ, ಅಲ್ಲಿಂದ ಹಿಂದಕ್ಕೆ… ಲೀಟರಕ್ಕ, ಇಂಧನ ಸಾಲತ್ತಾ?”

ಲೀಟರಕ್ಕ ಒಳಗೆ ಹೋದರು. ತುಂಬ ಹೊತ್ತು ಬರಲಿಲ್ಲ. ಬಂದಾಗ ಹಣೆ ಉಜ್ಜುತ್ತಿದ್ದರು. “ಇಲ್ಲಿಂದ ಹೊರಡುವಾಗ್ಲೇ ದಾರಿ ಬದಲಾಯಿಸಿದ್ರೆ ಸಾಲತ್ತೆ. ಅಲ್ಲಿ ಹೋದ್ಮೇಲೆ ಗೊತ್ತಾಗಿದ್ರೆ ಇಲ್ಲ.”

ಯೋಜನೆ ಆ ಸಂಜೆ ಹೋಗಲಿಲ್ಲ. ಮತ್ತೆ ನಡೆದು ನೋಡಿದೆವು. ಈ ಸಲ ನಾನು ಕಿಟಕಿಗೆ ಬೆನ್ನು ಹಾಕಿ, ಎಲ್ಲರ ಮುಖ ನೋಡುತ್ತಾ ನಿಲ್ಲಬೇಕಾಯಿತು. ಮುಖ್ಯಸ್ಥರು ನನ್ನ ಪಕ್ಕದಿಂದ ದಾಟಿ ಕಿಟಕಿಯ ಹತ್ತಿರ ಹೋದರು.

“ಎಲ್ಲಿ ನಿಲ್ಲಬೇಕು ನೀನೇ ಹೇಳಮ್ಮ. ನನಗಂತೂ ಹಿಂದುಮುಂದೇ ತಿಳೀತಿಲ್ಲ.”

ನನಗೂ ತಿಳಿಯುತ್ತಿರಲಿಲ್ಲ. ಕಾರ್ಡಿಗೆ ಕೊಡೆ ತಾಗಿದ ಸಣ್ಣ ಸದ್ದು ಕೇಳಿ, “ಅಲ್ಲೇ ಸರ್” ಅಂದೆ.

ತಡವಾಗುತ್ತದೆಂದು ಹೇಳಲು ಅಮ್ಮನಿಗೆ ಫೋನ್ ಮಾಡಿದೆ.

“ಯಾಕೆ, ಏನಾಯ್ತು?”

“ಬ್ರೇಕ್ ಹಾಕ್ಬಿಟ್ಟೆ ಅಮ್ಮ. ಎಲ್ಲರಿಗೂ.”

“ಬೈದ್ರಾ?”

“ಇಲ್ಲ. ನಾಳೆನೂ ನೀನೇ ಉಪಗ್ರಹ ಅಂದ್ರು.”

“ಅದು ಒಳ್ಳೇದೋ ಕೆಟ್ಟದ್ದೋ?”

ಬೆನ್ನ ಮೇಲಿನ ಕಾರ್ಡನ್ನು ಎದೆಗೆ ತಿರುಗಿಸಿಕೊಳ್ಳುತ್ತಾ ಯೋಚಿಸಿದೆ. “ಬಂದು ಹೇಳ್ತೀನಿ” ಅಂದೆ.