ಆಕಸ್ಮಿಕ ಬೆಂಕಿ

ಹುಲಿಯೂರುದುರ್ಗದಿಂದಾಚೆ ಒಂದು ಹಳ್ಳಿಯಲ್ಲಿ ಕದರಮ್ಮನ ಗಂಡ ಅಂಜಿನಪ್ಪ ಟೈಲರ್ ಆಗಿದ್ದ. ಬಸ್ಸು ನಿಲ್ಲುವ ಜಾಗದ ಎದುರಿಗೆ ಅವನ ಅಂಗಡಿ, ಅದರ ಹಿಂದೆಯೇ ಸಂಸಾರ. ಎರಡಕ್ಕೂ ಒಂದೇ ತೆಂಗಿನಗರಿಯ ಸೂರು. ಜಾಗ ಚನ್ನವೀರಯ್ಯನದು. ಅಲ್ಲಿ ಸಾರಾಯಿ ಅಂಗಡಿ ಇಡಿಸುವ ಆಸೆ ಹುಟ್ಟಿದಾಗಿನಿಂದ ಅವನು ಖಾಲಿ ಮಾಡಿ ಎಂದು ಬೆನ್ನು ಬಿದ್ದಿದ್ದ. ಬಾಡಿಗೆ ಬಾಕಿಯಿಲ್ಲ, ಯಾಕೆ ಬಿಡಬೇಕು ಎಂದು ಅಂಜಿನಪ್ಪ ಜಗ್ಗಿರಲಿಲ್ಲ.

ಎಪ್ಪತ್ತೊಂಬತ್ತರ ಬೇಸಿಗೆ. ಲಗ್ನದ ಬಟ್ಟೆಗಳು ಅಂಗಡಿಯಲ್ಲಿ ರಾಶಿ ಬಿದ್ದಿದ್ದವು. ಬೆಳಕು ಹರಿಯುವ ಹೊತ್ತಿಗೆ ಕದರಮ್ಮ ಬಾವಿಯಿಂದ ಬಿಂದಿಗೆ ಹೊತ್ತು ಬರುತ್ತಿದ್ದಾಗ ಅಂಗಡಿಯ ಹಿಂಬದಿಯಿಂದ ಚನ್ನವೀರಯ್ಯ ಹೊರಬಂದ. ಕೈಯಲ್ಲಿ ಸೀಮೆಎಣ್ಣೆ ಡಬ್ಬ. ಅವಳನ್ನು ನೋಡಿಯೂ ಅವನು ಓಡಲಿಲ್ಲ. ಅವಳು ಬಿಂದಿಗೆ ಎತ್ತಿಹಾಕಿ ಕೂಗಿಕೊಳ್ಳುವಷ್ಟರಲ್ಲಿ ಸೂರು ಹತ್ತಿಕೊಂಡಿತ್ತು.

ಮಕ್ಕಳಿಬ್ಬರನ್ನೂ ಹೊರಗೆ ತಂದುಬಿಟ್ಟ ಅಂಜಿನಪ್ಪ, ಹೊಲಿಗೆ ಮೆಷಿನ್ನಿಗಾಗಿ ಮತ್ತೆ ಒಳಗೆ ನುಗ್ಗಿದ. ಮೆಷಿನ್ ಬರಲಿಲ್ಲ. ಅವನನ್ನೇ ನಾಲ್ಕು ಜನ ಎಳೆದು ತಂದರು. ಎರಡೂ ಅಂಗೈ ಬೆಂದುಹೋಗಿದ್ದವು. ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರು, ಗಾಯ ಮಾಯುತ್ತದೆ, ಬೆರಳು ಮಾತ್ರ ಮೊದಲಿನಂತೆ ಬಿಚ್ಚುವುದಿಲ್ಲ ಎಂದರು.

ಕದರಮ್ಮ ಪೊಲೀಸರಿಗೆ ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಕೇಸಾಯಿತು. ವಾರದೊಳಗೆ ಚನ್ನವೀರಯ್ಯ ಜಾಮೀನು ಪಡೆದು ಬಂದು ತನ್ನ ಮನೆಯ ಜಗಲಿಯ ಮೇಲೆ ಕೂತ. ಮನೆ ಮಠ ಸುಟ್ಟುಕೊಂಡವರಿಗೆ ಸರ್ಕಾರ ಪರಿಹಾರ ಕೊಡುತ್ತದೆ ಎಂದು ಯಾರೋ ಹೇಳಿದ್ದರಿಂದ ಅವಳ ಅಣ್ಣ ಗುಂಡಯ್ಯ ಅವಳನ್ನು ಕುಣಿಗಲ್ಲಿನ ತಾಲ್ಲೂಕು ಕಚೇರಿಗೆ ಕರೆದುಕೊಂಡು ಹೋದ.

ಅಲ್ಲಿನ ಗುಮಾಸ್ತ ಕೆಟ್ಟವನಲ್ಲ. ಕೂರಿಸಿ, ಅರ್ಜಿ ಪೂರ್ತಿ ಓದಿದ. ಆಕಸ್ಮಿಕವಾಗಿ ಬಿದ್ದ ಬೆಂಕಿಗೆ ಪರಿಹಾರವಿದೆ, ಒಬ್ಬರು ಹಚ್ಚಿದ ಬೆಂಕಿಗೆ ಇಲ್ಲ, ಅದು ಅಪರಾಧ, ಕೋರ್ಟಿನಲ್ಲಿ ಶಿಕ್ಷೆಯಾಗಿ ದಂಡ ಬಿದ್ದರೆ ಅದರಲ್ಲಿ ಒಂದಿಷ್ಟು ಕೊಡಿಸಬಹುದು ಎಂದು ಬಿಡಿಸಿ ಹೇಳಿದ. ಅದಕ್ಕೆ ಎಷ್ಟು ದಿನ ಎಂದು ಗುಂಡಯ್ಯ ಕೇಳಿದ್ದಕ್ಕೆ, ದಿನದ ಮಾತಲ್ಲ, ವರ್ಷಗಳ ಮಾತು ಎಂದ.

"ಹಂಗಾರೆ ತಾನಾಗೇ ಹತ್ಕಂಡ್ರೆ ಕೊಡ್ತೀರಾ ಸ್ವಾಮಿ?" ಎಂದಳು ಕದರಮ್ಮ.

ಗುಮಾಸ್ತ ತಲೆ ಎತ್ತಲಿಲ್ಲ. "ಒಲೆ ಕಿಡಿ ಹಾರಿ ಹತ್ತಿತು ಅಂತ ಹೇಳಿಕೆ ಕೊಟ್ರೆ ನಾನು ಮೇಲಕ್ಕೆ ಕಳಿಸ್ತೀನಿ. ಆಮೇಲೆ ನಿಮ್ಮ ಕೇಸು ನಿಲ್ಲಲ್ಲ ಕಣಮ್ಮ. ಅದನ್ನೂ ಹೇಳ್ಬಿಡ್ತೀನಿ."

ಅವಳು ತುಮಕೂರಿಗೆ ಹೋಗಿ, ಗಂಡನಿಗೆ ತುತ್ತು ತಿನ್ನಿಸುತ್ತಾ ವಿಷಯ ಹೇಳಿದಳು. ಅಂಜಿನಪ್ಪ ಅಗಿಯುವುದನ್ನು ನಿಲ್ಲಿಸಿದ.

"ನೀನು ಅವನ್ನ ನೋಡಿದ್ದು ದಿಟ ತಾನೆ?"

"ದಿಟ."

"ಮತ್ತೆ ನನ್ನೇನು ಕೇಳ್ತೀಯೆ?"

ಮಕ್ಕಳು ಉಣ್ಣಬೇಕಲ್ಲ ಎಂದಳು. ಅವನು ಗೋಡೆಯ ಕಡೆ ಮಗ್ಗುಲಾದ. ಅವಳು ಸ್ವಲ್ಪ ಹೊತ್ತು ಕಾದು, ತಟ್ಟೆ ತೊಳೆದಿಟ್ಟು, ಬಸ್ಸು ಹತ್ತಿದಳು. ಮಾರನೆಯ ದಿನ ಕುಣಿಗಲ್ಲಿನಲ್ಲಿ ಹೆಬ್ಬೆಟ್ಟು ಒತ್ತಿದಳು.

ಮಳೆಗಾಲ ಹಿಡಿಯುವ ಮುಂಚೆ ಪರಿಹಾರದ ಹಣ ಬಂತು. ಸುಟ್ಟದ್ದರ ಅರ್ಧವೂ ಅಲ್ಲ, ಹಳೆಯ ಮೆಷಿನ್ನೊಂದಕ್ಕೆ ಸಾಕಾಗುತ್ತಿತ್ತು. ಗಂಡ ಪಕ್ಕದಲ್ಲಿ ಕೂತು ಹೇಳಿಕೊಟ್ಟರೆ ತಾನೇ ರವಿಕೆ, ಲಂಗ ಹೊಲಿಯಬಹುದು ಎಂದು ಅವಳು ಲೆಕ್ಕ ಹಾಕಿದ್ದಳು. ಆದರೆ ಹಣಕ್ಕಿಂತ ಮೊದಲೇ ಅವಳ ಹೇಳಿಕೆಯ ಸುದ್ದಿ ಊರು ಸೇರಿತ್ತು. ಕೇಸು ಬಿದ್ದುಹೋಯಿತು. ಅದುವರೆಗೆ ಅಯ್ಯೋ ಪಾಪ ಎನ್ನುತ್ತಿದ್ದ, ಹೊಲಿಯಲು ಬಟ್ಟೆ ಕೊಟ್ಟಿದ್ದವರು ಒಬ್ಬೊಬ್ಬರಾಗಿ ಅವಳು ಮಕ್ಕಳೊಂದಿಗೆ ಉಳಿದಿದ್ದ ಗುಂಡಯ್ಯನ ಮನೆಗೆ ಬರತೊಡಗಿದರು. ಮೊದಲು ಬಂದವಳು ಹೊಂಬಾಳಮ್ಮ. ಅವಳ ಮಗಳ ಧಾರೆ ಸೀರೆ, ರವಿಕೆ ಬಟ್ಟೆ ಎಲ್ಲವೂ ಅಂಗಡಿಯಲ್ಲಿ ಬೂದಿಯಾಗಿದ್ದವು.

"ನಿನ್ನ ಒಲೆಯಿಂದ ಹತ್ತಿದ್ದು ಅಂದ್ಮ್ಯಾಲೆ ನನ್ನ ಸೀರೆ ದುಡ್ಡು ನೀನೇ ಕೊಡ್ಬೇಕಲ್ಲವ್ವ" ಎಂದಳು.

"ನಾನವತ್ತು ಒಲೇನೇ ಹಚ್ಚಿರ್ಲಿಲ್ಲ ಕಣಕ್ಕ."

"ಗೊತ್ತು ಬುಡು. ಊರಿಗೆಲ್ಲ ಗೊತ್ತು." ಹೊಂಬಾಳಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. "ಅವನ್ನ ಯಾರು ಕೇಳೋಕಾಯ್ತದೆ? ನೀನಾದ್ರೆ ಬರ್ಕೊಟ್ಟಿದೀಯ."

ಕದರಮ್ಮ ಪರಿಹಾರದ ಹಣ ಕಟ್ಟಿಟ್ಟಿದ್ದ ಸೆರಗಿನ ಗಂಟು ಬಿಚ್ಚಿದಳು. ಆಮೇಲೆ ಬಂದವರಿಗೂ ಬಿಚ್ಚಬೇಕಾಯಿತು. ಆಷಾಢ ಮುಗಿಯುವ ಹೊತ್ತಿಗೆ ಮೆಷಿನ್ನಿನ ಮಾತು ಅವಳ ಬಾಯಲ್ಲಿ ಬರುವುದು ನಿಂತಿತು.

ಅಂಜಿನಪ್ಪ ಆಸ್ಪತ್ರೆಯಿಂದ ಬಂದ ಮೇಲೆ ಅವರು ಕಡಬದಲ್ಲಿದ್ದ ಅವಳ ಚಿಕ್ಕಮ್ಮನ ಮನೆಗೆ ಹೊರಟುಹೋದರು. ಕದರಮ್ಮ ಕೆರೆಯಂಚಿನಲ್ಲಿ ಕೊಳೆಹಾಕಿದ ತೆಂಗಿನ ಮಟ್ಟೆ ಬಡಿದು ನಾರು ತೆಗೆಯುವ ಕೂಲಿಗೆ ಸೇರಿದಳು. ಅಂಜಿನಪ್ಪ ಆ ದಿನ ಮಗ್ಗುಲಾದ ವಿಷಯವನ್ನು ಅವಳೆಂದೂ ಎತ್ತಲಿಲ್ಲ. ಒಂದು ಸಂಜೆ ಅವನೇ, ಆವತ್ತು ಬೇಡ ಅನ್ನಬೇಕಾಗಿತ್ತು ಅಥವಾ ಹೂಂ ಅನ್ನಬೇಕಾಗಿತ್ತು, ಎರಡನ್ನೂ ಅನ್ನದೆ ನಿನ್ನ ಒಬ್ಬಳನ್ನೇ ಕಳಿಸಿಬಿಟ್ಟೆ ಎಂದ. ಅವಳು ಸೊಟ್ಟಗಾಗಿದ್ದ ಅವನ ಬೆರಳುಗಳಿಗೆ ಎಣ್ಣೆ ಸವರುತ್ತಿದ್ದಳು. ಇನ್ನೊಂದು ಕೈ ಕೊಡು ಎಂದಳು.